ಸಮ್ಮಿಲನ ವಿದ್ಯುತ್ ಬರುತ್ತದೆಂದು ಸೌರ ಗುತ್ತಿಗೆ ಕೈಬಿಡಬೇಕೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ನಮ್ಮ ಮಳೆಯಾಶ್ರಿತ ಜಮೀನನ್ನು ಸೌರ ವಿದ್ಯುತ್ ಕಂಪನಿಯೊಂದು 28 ವರ್ಷಕ್ಕೆ ಗುತ್ತಿಗೆ ಕೇಳುತ್ತಿದೆ. ‘ಇನ್ನು ಹತ್ತು ವರ್ಷದಲ್ಲಿ ಸಮುದ್ರದ ನೀರಿನಿಂದಲೇ ಪುಕ್ಕಟೆ ಕರೆಂಟು ಬರುತ್ತದೆ, ಆಗ ಕಂಪನಿ ಫಲಕಗಳನ್ನು ಹೊಲದಲ್ಲೇ ಬಿಟ್ಟು ಹೋಗುತ್ತದೆ’ ಎಂದು ತಮ್ಮ ತಡೆಯುತ್ತಿದ್ದಾನೆ. ಅಮೆರಿಕದ ಸಮ್ಮಿಲನ (ಫ್ಯೂಷನ್) ಪ್ರಯೋಗದಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಪಡೆದರೆಂಬ ಸುದ್ದಿಯನ್ನು ನಾನೂ ಓದಿದ್ದೇನೆ. ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡುತ್ತಿರುವ ಮಗಳು ಇದೇ ವಿಷಯದಲ್ಲಿ ಸಂಶೋಧನೆಗೆ ಹೋಗುತ್ತೇನೆನ್ನುತ್ತಾಳೆ. ಪರಿಚಯದವರೊಬ್ಬರು ವಿದೇಶಿ ಫ್ಯೂಷನ್ ಕಂಪನಿಯ ಷೇರು ಕೊಡಿಸುವುದಾಗಿ ಹಿಂದೆ ಬಿದ್ದಿದ್ದಾರೆ. ಇದು ಹೈಡ್ರೋಜನ್ ಬಾಂಬಿನ ತತ್ತ್ವವೇ ಅಲ್ಲವೇ ಎಂಬ ಅಂಜಿಕೆಯೂ ನನಗಿದೆ. ಯಾವುದನ್ನು ನಂಬಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಎಲ್ಲದರ ತಳದಲ್ಲಿರುವ ಆತಂಕ ಒಂದೇ. ಮುಂದೆ ಬರಲಿರುವ ದೊಡ್ಡದೊಂದು ಇಂದಿನ ತೀರ್ಮಾನಗಳನ್ನೆಲ್ಲ ತಲೆಕೆಳಗು ಮಾಡೀತೇ ಎಂಬುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೈಜಿಕ ಸಮ್ಮಿಲನದಿಂದ, ಅಂದರೆ ಹಗುರ ಪರಮಾಣುಗಳ ಬೀಜಗಳನ್ನು ಒಂದಾಗಿ ಬೆಸೆದಾಗ ಹೊಮ್ಮುವ ಶಕ್ತಿಯಿಂದ, ವಿದ್ಯುತ್ ತಯಾರಿಸಲು ಸಾಧ್ಯ, ಅದು ಬಂದೇ ಬರುತ್ತದೆ ಎಂದು ನಂಬಿಯೇ ನಾನು ವೃತ್ತಿಜೀವನವನ್ನು ಅದಕ್ಕೆ ಕೊಟ್ಟೆ. ಆದರೆ ನಿಮ್ಮ ಗುತ್ತಿಗೆಯ ಅವಧಿಯೊಳಗೆ ಅದು ಕರ್ನಾಟಕದ ಗ್ರಿಡ್‌ಗೆ ಹರಿದುಬಂದು ಸೌರ ವಿದ್ಯುತ್ತಿನ ಬೆಲೆಯನ್ನು ಬೀಳಿಸುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಬಾಂಬಿನ ಅಂಜಿಕೆಯನ್ನು ಮೊದಲು ಕಳೆದುಬಿಡೋಣ. ಹೈಡ್ರೋಜನ್ ಬಾಂಬಿನಲ್ಲಿ ಸಮ್ಮಿಲನಕ್ಕೆ ಬೇಕಾದ ಒತ್ತಡ ಮತ್ತು ಶಾಖ ಬರುವುದು ಮೊದಲು ಸಿಡಿಯುವ ವಿದಳನ (ಭಾರವಾದ ಪರಮಾಣುಗಳ ಬೀಜ ಒಡೆಯುವ) ಬಾಂಬಿನಿಂದ. ವಿದ್ಯುತ್ತಿಗಾಗಿ ಕಟ್ಟುವ ಯಂತ್ರದಲ್ಲಿ ಅಂಥದ್ದೇನೂ ಇರುವುದಿಲ್ಲ. ಅಲ್ಲಿ ಒಂದು ಕ್ಷಣಕ್ಕೆ ಒಳಕೋಣೆಯಲ್ಲಿರುವ ಇಂಧನ ಕೆಲವೇ ಗ್ರಾಂ, ಅದೂ ಗಾಳಿಗಿಂತ ಎಷ್ಟೋ ಪಟ್ಟು ವಿರಳವಾಗಿ ಹರಡಿಕೊಂಡಿರುತ್ತದೆ. ಅದನ್ನು ಹಿಡಿದಿಡುವ ಕಾಂತಕ್ಷೇತ್ರ ಸ್ವಲ್ಪ ತಪ್ಪಿದರೂ, ಗೋಡೆಯಿಂದ ಒಂದಿಷ್ಟು ಕಲ್ಮಶ ಸೇರಿದರೂ ಪ್ಲಾಸ್ಮಾ (ಅತಿಯಾಗಿ ಕಾದು ವಿದ್ಯುದಾವೇಶ ಪಡೆದ ಅನಿಲ) ತಣ್ಣಗಾಗಿ ಕ್ರಿಯೆ ತಾನಾಗಿ ನಿಲ್ಲುತ್ತದೆ. ಹಸಿ ಸೌದೆಯ ಒಲೆಯಂತೆ ಇದು: ಊದುತ್ತಿರುವಷ್ಟು ಹೊತ್ತು ಉರಿಯುತ್ತದೆ, ಬಿಟ್ಟರೆ ಆರುತ್ತದೆ. ನಮ್ಮ ಎಪ್ಪತ್ತು ವರ್ಷಗಳ ಪಾಡೆಲ್ಲ ಅದನ್ನು ಆರದಂತೆ ನೋಡಿಕೊಳ್ಳುವುದರಲ್ಲೇ ಕಳೆದಿದೆ.

ಹಾಗೆಂದು ವಿಕಿರಣವೇ ಇಲ್ಲವೆಂದು ಹೇಳುವವರನ್ನೂ ನಂಬಬೇಡಿ. ಇಂಧನವಾದ ಟ್ರಿಟಿಯಂ ವಿಕಿರಣಶೀಲ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 12.3 ವರ್ಷ. ಅದು ಹೈಡ್ರೋಜನ್ನಿನ ಒಂದು ರೂಪವಾದ್ದರಿಂದ ಬಿಸಿ ಲೋಹದ ಮೂಲಕವೂ ನುಸುಳುತ್ತದೆ, ನೀರಿನೊಂದಿಗೆ ಸುಲಭವಾಗಿ ಬೆರೆಯುತ್ತದೆ. ಯಂತ್ರದ ಉಕ್ಕೂ ವರ್ಷಗಳ ಬಳಕೆಯ ನಂತರ ವಿಕಿರಣಶೀಲವಾಗುತ್ತದೆ. ಸರಿಯಾದ ಉಕ್ಕನ್ನು ಆರಿಸಿಕೊಂಡರೆ ಅದರ ತೀವ್ರತೆ ನೂರು ವರ್ಷಗಳ ಆಸುಪಾಸಿನಲ್ಲಿ ಬಹಳಷ್ಟು ಇಳಿಯುತ್ತದೆ. ವಿದಳನ ಸ್ಥಾವರದ ಉರಿದ ಇಂಧನವನ್ನು ಸಾವಿರಾರು ವರ್ಷ ಕಾಯಬೇಕಾದಂಥ ಪರಿಸ್ಥಿತಿ ಇಲ್ಲಿಲ್ಲ. ಈ ವ್ಯತ್ಯಾಸ ದೊಡ್ಡದು. ನಾನು ಈ ಕ್ಷೇತ್ರವನ್ನು ಬೆಂಬಲಿಸುವುದಕ್ಕೆ ಅದೂ ಒಂದು ಕಾರಣ.

ಇನ್ನು ನಿಮ್ಮ ತಮ್ಮನ ಮಾತು, ‘ಸಮುದ್ರದ ನೀರಿನಿಂದ ಪುಕ್ಕಟೆ’. ಇದರಲ್ಲಿ ಅರ್ಧ ನಿಜವಿದೆ. ಇಂಧನದ ಒಂದು ಭಾಗವಾದ, ಹೈಡ್ರೋಜನ್ನಿನ ಇನ್ನೊಂದು ರೂಪವಾದ ಡ್ಯೂಟೀರಿಯಂ ಸಮುದ್ರದ ನೀರಿನಲ್ಲಿ ಸಾವಿರ ಲೀಟರಿಗೆ ಸುಮಾರು 33 ಗ್ರಾಂ ಇದೆ, ಎಷ್ಟು ಬೇಕಾದರೂ ಸಿಗುತ್ತದೆ. ಭಾರಜಲವೆಂದು ನಾವು ಅದನ್ನು ದಶಕಗಳಿಂದ ತಯಾರಿಸುತ್ತಲೂ ಇದ್ದೇವೆ. ಇನ್ನೊಂದು ಭಾಗವಾದ ಟ್ರಿಟಿಯಂ ಸಮುದ್ರದಿಂದ ತೆಗೆಯುವಷ್ಟು ಎಲ್ಲೂ ಇಲ್ಲ. ಅದರ ಕಥೆಗೆ ಆಮೇಲೆ ಬರುತ್ತೇನೆ. ‘ಪುಕ್ಕಟೆ’ ಎಂಬುದಂತೂ ಸುಳ್ಳು. ಅಣು ಸ್ಥಾವರಗಳಲ್ಲಿ ಇಂದಿಗೂ ಯುರೇನಿಯಂಗೆ ಆಗುವ ಖರ್ಚು ವಿದ್ಯುತ್ ದರದ ಸಣ್ಣ ಪಾಲು; ದುಡ್ಡು ಹೋಗುವುದು ಸ್ಥಾವರ ಕಟ್ಟುವುದಕ್ಕೆ, ಆ ಸಾಲದ ಬಡ್ಡಿಗೆ. ಸಮ್ಮಿಲನ ಸ್ಥಾವರವೂ ಕಟ್ಟಲು ಅಷ್ಟೇ ದುಬಾರಿ, ಬಹುಶಃ ಇನ್ನೂ ದುಬಾರಿ. ಈಗಿನ ಬಹುಪಾಲು ವಿನ್ಯಾಸಗಳಲ್ಲಿ ಕೊನೆಗೆ ನೀರು ಕಾಯಿಸಿ, ಉಗಿಯಿಂದ ಟರ್ಬೈನ್ ತಿರುಗಿಸಿಯೇ ಕರೆಂಟು ತೆಗೆಯಬೇಕು. ಇಂಧನ ಉಚಿತವಾದರೂ ಆ ಟರ್ಬೈನ್ ಉಚಿತವಲ್ಲ.

ಅಮೆರಿಕದ ಸುದ್ದಿ ನಿಜ. 2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳಿಂದ ಮೆಣಸಿನಕಾಳಿನ ಗಾತ್ರದ ಇಂಧನದ ಗುಳಿಗೆಯನ್ನು ಹಿಂಡಿದರು. ಲೇಸರ್ ಕೊಟ್ಟ ಶಕ್ತಿ 2.05 ಮೆಗಾಜೂಲ್, ಸಮ್ಮಿಲನದಿಂದ ಬಂದದ್ದು 3.15 ಮೆಗಾಜೂಲ್. 2025ರ ವೇಳೆಗೆ ಅದೇ ಯಂತ್ರದಲ್ಲಿ ಅದು 8.6 ಮೆಗಾಜೂಲ್‌ಗೆ ಏರಿತು. ಭೌತವಿಜ್ಞಾನಿಯಾಗಿ ನನಗೆ ಅದು ಹಬ್ಬದ ದಿನ. ಆದರೆ ಲೆಕ್ಕವನ್ನು ಮನೆಯ ಮೀಟರಿನ ಯೂನಿಟ್ಟಿನಲ್ಲಿ ನೋಡಿ. 3.15 ಮೆಗಾಜೂಲ್ ಎಂದರೆ ಒಂದು ಯೂನಿಟ್‌ಗೂ ಕಡಿಮೆ. ಆ ಲೇಸರನ್ನು ಹಾರಿಸಲು ಗೋಡೆಯ ತಂತಿಯಿಂದ ಎಳೆದದ್ದು ಸುಮಾರು 300 ಮೆಗಾಜೂಲ್, ಅಂದರೆ 80 ಯೂನಿಟ್‌ಗೂ ಮೇಲೆ. ‘ಹಾಕಿದ್ದಕ್ಕಿಂತ ಹೆಚ್ಚು’ ಎನ್ನುವಾಗ ಗುರಿಗೆ ತಲುಪಿದ ಲೇಸರ್ ಬೆಳಕನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದಾರೆ. ಅದು ವಿಜ್ಞಾನದ ದೃಷ್ಟಿಯಿಂದ ನ್ಯಾಯವಾದ ಲೆಕ್ಕವೇ, ವಿದ್ಯುತ್ ಮಾರುವವನ ಲೆಕ್ಕವಲ್ಲ ಅಷ್ಟೆ. ಆ ಲೇಸರ್ ಹಳೆಯ ತಂತ್ರಜ್ಞಾನದ್ದು, ಹೊಸವು ಎಷ್ಟೋ ಮಿತವ್ಯಯಿ. ಆದರೂ ವರ್ಷಕ್ಕೆ ಕೆಲವು ನೂರು ಬಾರಿ ಹಾರಿಸುವ ಯಂತ್ರ ಸ್ಥಾವರವಾಗಬೇಕಾದರೆ ಸೆಕೆಂಡಿಗೆ ಹತ್ತು ಬಾರಿಯಂತೆ ಹಾರಿಸಬೇಕು. ಪ್ರತಿ ಸಲವೂ ಹೊಸ ಗುಳಿಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಗುರಿಯಲ್ಲಿ ಬಂದು ನಿಲ್ಲಬೇಕು.

ಕಾಂತಕ್ಷೇತ್ರದ ದಾರಿ ಇದಕ್ಕಿಂತ ಹಳೆಯದು, ಹೆಚ್ಚು ಸವೆದದ್ದು. ಸೂರ್ಯನ ಗರ್ಭದಲ್ಲಿ ಒಂದೂವರೆ ಕೋಟಿ ಡಿಗ್ರಿ ಶಾಖವಿದೆ. ಅಲ್ಲಿ ಅಗಾಧ ಗುರುತ್ವ ಮತ್ತು ಕೋಟ್ಯಂತರ ವರ್ಷಗಳ ಸಮಯ ಎರಡೂ ಇರುವುದರಿಂದ ನಿಧಾನದ ಕ್ರಿಯೆಯೂ ನಡೆಯುತ್ತದೆ. ನಮಗೆ ಎರಡೂ ಇಲ್ಲ. ಅದಕ್ಕೇ ಡ್ಯೂಟೀರಿಯಂ–ಟ್ರಿಟಿಯಂ ಎಂಬ ಸುಲಭದ ಜೋಡಿಯನ್ನು ಆರಿಸಿಕೊಂಡು, ಅದನ್ನು ಹದಿನೈದು ಕೋಟಿ ಡಿಗ್ರಿಗೆ ಕಾಯಿಸಿ, ಬಳೆಯಾಕಾರದ ಕೋಣೆಯಲ್ಲಿ ಗೋಡೆಗೆ ತಾಗದಂತೆ ಕಾಂತಕ್ಷೇತ್ರದಿಂದ ಹಿಡಿದಿಡುತ್ತೇವೆ. ಸೋವಿಯತ್ ವಿಜ್ಞಾನಿಗಳು ರೂಪಿಸಿದ ಈ ಯಂತ್ರವೇ ಟೋಕಾಮಾಕ್. 1968ರಲ್ಲಿ ಅವರು ಹೇಳಿಕೊಂಡ ಶಾಖವನ್ನು ಪಶ್ಚಿಮದವರು ನಂಬಲಿಲ್ಲ. ಮರುವರ್ಷ ಬ್ರಿಟನ್ನಿನ ತಂಡವೊಂದು ತನ್ನದೇ ಲೇಸರ್ ಉಪಕರಣಗಳನ್ನು ಮಾಸ್ಕೋಗೆ ಹೊತ್ತೊಯ್ದು ಅಳೆದಾಗ ಮಾತು ನಿಜವೆಂದು ತಿಳಿಯಿತು. ಶೀತಲ ಸಮರದ ಆ ದಿನಗಳಲ್ಲಿ ನಡೆದ ಈ ಪ್ರಾಮಾಣಿಕ ತಪಾಸಣೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಹಾಗಾದರೆ ಇಷ್ಟು ತಡವೇಕೆ? 1955ರಲ್ಲಿ ಜಿನೀವಾದ ಸಮ್ಮೇಳನದ ಅಧ್ಯಕ್ಷರಾಗಿದ್ದ ಹೋಮಿ ಭಾಭಾ ಅವರು ಇನ್ನೆರಡು ದಶಕಗಳಲ್ಲಿ ನಿಯಂತ್ರಿತ ಸಮ್ಮಿಲನದ ದಾರಿ ಸಿಗುತ್ತದೆ ಎಂದು ಭವಿಷ್ಯ ನುಡಿದಿದ್ದರು. ಅಷ್ಟು ಮೇಧಾವಿಯ ಅಂದಾಜೂ ತಪ್ಪಿತು. ಪ್ಲಾಸ್ಮಾ ಸುಮ್ಮನೆ ಕೂರುವ ಅನಿಲವಲ್ಲ. ಅದರೊಳಗೆ ಸುಳಿಗಳೆದ್ದು ಶಾಖವನ್ನು ನಮ್ಮ ಸರಳ ಲೆಕ್ಕಕ್ಕಿಂತ ಬಹಳ ಬೇಗ ಗೋಡೆಗೆ ಸಾಗಿಸುತ್ತವೆ. ಶಾಖ ಉಳಿಸಿಕೊಳ್ಳಲು ಯಂತ್ರವನ್ನು ದೊಡ್ಡದು ಮಾಡುತ್ತ ಹೋದೆವು, ಅದರೊಂದಿಗೆ ಖರ್ಚೂ ಕಾಲವೂ ಬೆಳೆದವು. ಬ್ರಿಟನ್ನಿನಲ್ಲಿದ್ದ ಜೆಟ್ ಎಂಬ ಟೋಕಾಮಾಕ್‌ನಲ್ಲಿ 1997ರಲ್ಲಿ 24 ಮೆಗಾವಾಟ್ ಶಾಖ ಹಾಕಿ 16 ಮೆಗಾವಾಟ್ ಸಮ್ಮಿಲನ ಶಕ್ತಿ ಪಡೆದರು. 2023ರಲ್ಲಿ, ಮುಚ್ಚುವ ಮುನ್ನ, ಅದೇ ಯಂತ್ರ ಕೆಲವು ಸೆಕೆಂಡುಗಳಲ್ಲಿ 69 ಮೆಗಾಜೂಲ್ ಕೊಟ್ಟಿತು. ಅಂದರೆ ಸುಮಾರು 19 ಯೂನಿಟ್ ಶಾಖ. ಖರ್ಚಾದ ಇಂಧನ 0.2 ಮಿಲಿಗ್ರಾಂ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಾವೇಕೆ ಇದರ ಬೆನ್ನು ಬಿಡುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಮುಂದಿನ ಮೆಟ್ಟಿಲು ಫ್ರಾನ್ಸಿನ ಕಾದರಾಶ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಐಟರ್ ಎಂಬ ಟೋಕಾಮಾಕ್. ಭಾರತವೂ ಅದರ ಏಳು ಪಾಲುದಾರರಲ್ಲಿ ಒಂದು. ಇಡೀ ಯಂತ್ರವನ್ನು ಒಳಗಿಟ್ಟುಕೊಳ್ಳುವ, ಸುಮಾರು 30 ಮೀಟರ್ ಎತ್ತರದ ಉಕ್ಕಿನ ಶೀತಕವಚವನ್ನು ಗುಜರಾತಿನ ಹಜೀರಾದಲ್ಲಿ ತುಂಡುತುಂಡಾಗಿ ಮಾಡಿ ಹಡಗಿನಲ್ಲಿ ಕಳಿಸಿದ್ದು ನಮ್ಮ ದೇಶವೇ. 50 ಮೆಗಾವಾಟ್ ಶಾಖ ಹಾಕಿ 500 ಮೆಗಾವಾಟ್ ಪಡೆಯುವುದು ಅದರ ಗುರಿ. ವಿದ್ಯುತ್ತನ್ನು ಅದು ತಯಾರಿಸುವುದೇ ಇಲ್ಲ. ಮೊದಲು 2016 ಎಂದಿದ್ದ ಪ್ಲಾಸ್ಮಾ 2025ಕ್ಕೆ ಹೋಯಿತು. 2024ರಲ್ಲಿ ಪ್ರಕಟಿಸಿದ ಹೊಸ ವೇಳಾಪಟ್ಟಿಯ ಪ್ರಕಾರ ಸಂಶೋಧನೆ ಶುರುವಾಗುವುದು 2034ರಲ್ಲಿ, ಟ್ರಿಟಿಯಂ ಬಳಕೆ 2039ರಲ್ಲಿ. ಕಾರಣಗಳಲ್ಲಿ ಒಂದು ಬಹಳ ಸಾಮಾನ್ಯವಾದದ್ದು: ಕೋಣೆಯ ಭಾಗಗಳ ಅಂಚುಗಳು ಅಳತೆಗೆ ಸರಿಯಾಗಿರದೆ ಬೆಸುಗೆ ಹಾಕುವ ಕೆಲಸ ನಿಂತಿತು. ತಂಪಾಗಿಸುವ ಕೊಳವೆಗಳಲ್ಲಿ ಬಿರುಕುಗಳೂ ಕಂಡವು.

ಇಂಥ ವಿಷಯಗಳೇ ನನ್ನ ಕಸುಬು. ನಾನು ನಿರ್ವಾತ ವಿಭಾಗದಲ್ಲಿ ದುಡಿದವನು. ಟೋಕಾಮಾಕ್‌ನ ಒಳಕೋಣೆಯಿಂದ ಗಾಳಿ ತೆಗೆದು ಅಲ್ಲಿ ಏನೂ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಒಳಗೆ ಇಳಿಯುವವರು ತಲೆಗೆ ಟೋಪಿ, ಕೈಗೆ ಗವಸು, ಪಾದಕ್ಕೆ ಚೀಲ ಹಾಕಿಕೊಳ್ಳಲೇಬೇಕು. ಬರಿಗೈಯಲ್ಲಿ ಗೋಡೆ ಮುಟ್ಟಿದರೆ ಬೆರಳಿನ ಜಿಡ್ಡು ದಿನಗಟ್ಟಲೆ ಆವಿಯಾಗುತ್ತ ನಿರ್ವಾತವನ್ನು ಕೆಡಿಸುತ್ತದೆ. ಸೋರಿಕೆ ಹುಡುಕಲು ಹೊರಗಿನಿಂದ ಪ್ರತಿಯೊಂದು ಬೆಸುಗೆಯ ಮೇಲೂ ಸಣ್ಣ ನಳಿಗೆಯಿಂದ ಹೀಲಿಯಂ ಊದುತ್ತ ಸಾಗುತ್ತೇವೆ. ಒಳಗಿನ ಅನಿಲವನ್ನು ಪರೀಕ್ಷಿಸುವ ಉಪಕರಣದಲ್ಲಿ ಹೀಲಿಯಂ ಕಂಡೊಡನೆ ನಳಿಗೆಯನ್ನು ಅಲ್ಲೇ ನಿಲ್ಲಿಸಿ ಗುರುತು ಹಾಕುತ್ತೇವೆ. ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತಿನ ಒಂದು ‘ಶಾಟ್’ಗಾಗಿ ರಾತ್ರಿಯಿಡೀ ಗೋಡೆಗಳನ್ನು ಶುಚಿ ಮಾಡುವುದುಂಟು. ಪ್ರಯೋಗಾಲಯದಲ್ಲಿ ಇದು ನಡೆಯುತ್ತದೆ, ಏಕೆಂದರೆ ಕೆಟ್ಟರೆ ಮನುಷ್ಯ ಒಳಗೆ ಹೋಗಬಹುದು.

ಸ್ಥಾವರದಲ್ಲಿ ಹೋಗಲಾಗದು. ಡ್ಯೂಟೀರಿಯಂ–ಟ್ರಿಟಿಯಂ ಕ್ರಿಯೆಯ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಹೊತ್ತೊಯ್ಯುವುದು ನ್ಯೂಟ್ರಾನ್. ಅದಕ್ಕೆ ವಿದ್ಯುದಾವೇಶವಿಲ್ಲದ ಕಾರಣ ಕಾಂತಕ್ಷೇತ್ರ ತಡೆಯಲಾರದು, ನೇರ ಗೋಡೆಗೆ ಬಂದು ಬಡಿಯುತ್ತದೆ. 14.1 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಈ ನ್ಯೂಟ್ರಾನ್ ಉಕ್ಕಿನ ಪರಮಾಣುಗಳನ್ನು ಅವುಗಳ ಜಾಗದಿಂದ ಕದಲಿಸುತ್ತದೆ. ಲೋಹದೊಳಗೆ ಹೀಲಿಯಂ ಗುಳ್ಳೆಗಳಾಗುತ್ತವೆ, ಲೋಹ ಊದಿಕೊಂಡು ಪೆಡಸಾಗುತ್ತದೆ. ಆದ್ದರಿಂದ ಒಳಗೋಡೆಯನ್ನು ಕೆಲವೇ ವರ್ಷಗಳಿಗೊಮ್ಮೆ ಬಿಚ್ಚಿ ಬದಲಿಸಬೇಕು. ವಿಕಿರಣದ ಕಾರಣ ಅದನ್ನು ಯಂತ್ರದ ತೋಳುಗಳೇ ಮಾಡಬೇಕು. ನೂರಾರು ಕೊಳವೆಗಳನ್ನು ಕತ್ತರಿಸಿ, ಟನ್‌ಗಟ್ಟಲೆ ತೂಕದ ಭಾಗಗಳನ್ನು ಕಿರಿದಾದ ಬಾಗಿಲಿನಿಂದ ಹೊರತೆಗೆದು, ಮತ್ತೆ ಬೆಸೆದು, ಸೋರಿಕೆಯಿಲ್ಲವೆಂದು ಖಾತರಿ ಮಾಡಿಕೊಳ್ಳಬೇಕು. ಇದಕ್ಕೆ ಒಂದು ತಿಂಗಳು ಹಿಡಿಯುತ್ತದೆಯೋ ಒಂದು ವರ್ಷವೋ ಎಂಬುದರ ಮೇಲೆ ಸ್ಥಾವರ ಲಾಭದಲ್ಲಿ ನಡೆಯುತ್ತದೆಯೇ ಎಂಬುದು ನಿಂತಿದೆ. ನಮ್ಮ ಕೈಗಾ ಅಣು ಸ್ಥಾವರದ ಒಂದನೇ ಘಟಕ 2018ರಲ್ಲಿ 962 ದಿನ ಎಡೆಬಿಡದೆ ನಡೆದು ದಾಖಲೆ ಮಾಡಿತ್ತು. ಟೋಕಾಮಾಕ್‌ನಲ್ಲಿ ಪ್ಲಾಸ್ಮಾವನ್ನು ಬಹುಕಾಲ ಹಿಡಿದಿಟ್ಟ ಸಾಧನೆಗಳಲ್ಲಿ ಒಂದು ಫ್ರಾನ್ಸಿನ ವೆಸ್ಟ್ ಯಂತ್ರದ್ದು: 2025ರ ಫೆಬ್ರುವರಿಯಲ್ಲಿ 1,337 ಸೆಕೆಂಡು, ಅಂದರೆ 22 ನಿಮಿಷ. ಅದೂ ಟ್ರಿಟಿಯಂ ಇಲ್ಲದೆ.

ಈಗ ಟ್ರಿಟಿಯಂ. ಸುದ್ದಿಗಳಲ್ಲಿ ಇದರ ಹೆಸರೇ ಬರುವುದು ಕಡಿಮೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಶಾಖದ ಲೆಕ್ಕದಲ್ಲಿ ಸಾವಿರ ಮೆಗಾವಾಟಿನ ಸಮ್ಮಿಲನ ಯಂತ್ರ ವರ್ಷವಿಡೀ ನಡೆದರೆ ಸುಮಾರು 55 ಕಿಲೋ ಟ್ರಿಟಿಯಂ ಉರಿಯುತ್ತದೆ. ನಾಗರಿಕ ಬಳಕೆಗೆ ಇಡೀ ಜಗತ್ತಿನಲ್ಲಿರುವ ದಾಸ್ತಾನು 25–30 ಕಿಲೋ ಆಸುಪಾಸಿನದು. ಅದರ ಬಹುಪಾಲು ಕೆನಡಾದ ಭಾರಜಲ ರಿಯಾಕ್ಟರುಗಳ ಉಪಉತ್ಪನ್ನ. ಬೆಲೆ ಗ್ರಾಂಗೆ ಸುಮಾರು 30,000 ಡಾಲರ್. ಇಟ್ಟರೂ ಉಳಿಯುವುದಿಲ್ಲ, ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಕ್ಷಯಿಸುತ್ತದೆ. ಹಾಗಾಗಿ ಸ್ಥಾವರ ತನ್ನ ಟ್ರಿಟಿಯಂ ಅನ್ನು ತಾನೇ ಬೆಳೆದುಕೊಳ್ಳಬೇಕು. ಒಳಗೋಡೆಯ ಹಿಂದೆ ಲಿಥಿಯಂ ಇಟ್ಟರೆ ನ್ಯೂಟ್ರಾನ್ ಅದಕ್ಕೆ ಬಡಿದು ಟ್ರಿಟಿಯಂ ಹುಟ್ಟುತ್ತದೆ. ತೊಡಕು ಏನೆಂದರೆ, ಉರಿಯುವ ಒಂದು ಟ್ರಿಟಿಯಂಗೆ ಸಿಗುವುದು ಒಂದೇ ನ್ಯೂಟ್ರಾನ್. ಅದರಲ್ಲಿ ಕೆಲವು ಉಕ್ಕಿನಲ್ಲಿ ಕಳೆದುಹೋಗುತ್ತವೆ, ಕೆಲವು ಕಿಂಡಿಗಳಿಂದ ತಪ್ಪಿಸಿಕೊಳ್ಳುತ್ತವೆ. ನಷ್ಟ ತುಂಬಲು ಸೀಸವನ್ನೋ ಬೆರಿಲಿಯಂ ಅನ್ನೋ ಬಳಸಿ ನ್ಯೂಟ್ರಾನ್‌ಗಳ ಸಂಖ್ಯೆ ಹೆಚ್ಚಿಸಬೇಕು. ಕಾಗದದ ಮೇಲೆ ಲೆಕ್ಕ ಕೂಡುತ್ತದೆ, ಆದರೆ ಅಂತರ ಬಹಳ ತೆಳುವು. ಉರಿದದ್ದಕ್ಕಿಂತ ಹೆಚ್ಚು ಟ್ರಿಟಿಯಂ ಬೆಳೆದು, ಹೊರತೆಗೆದು, ಮತ್ತೆ ಉರಿಸಿದ ಯಂತ್ರ ಈವರೆಗೆ ಭೂಮಿಯ ಮೇಲೆ ಒಂದೂ ಇಲ್ಲ.

ಅಂದಹಾಗೆ, ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಅಣುಶಕ್ತಿ ಇಲಾಖೆ ಅಂದಾಜಿಸಿರುವ 1,600 ಟನ್ ಲಿಥಿಯಂ ಬಗ್ಗೆ ಓದಿದವರು ‘ನಮ್ಮಲ್ಲೇ ಇದೆಯಲ್ಲ’ ಎನ್ನುತ್ತಾರೆ. ಅದಿರು ಸಿಗುವುದು ಒಂದು ಮಾತು. ಸಮ್ಮಿಲನಕ್ಕೆ ಹೆಚ್ಚು ಬೇಕಾದ ಲಿಥಿಯಂ-6 ಎಂಬ ರೂಪ (ಐಸೊಟೋಪ್) ಅದರಲ್ಲಿ ಶೇ 7.5 ಮಾತ್ರ. ಅದನ್ನು ಬೇರ್ಪಡಿಸುವುದೇ ಪ್ರತ್ಯೇಕ ಉದ್ಯಮ.

ಖಾಸಗಿ ಕಂಪನಿಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಸಾಚುಸೆಟ್ಸ್‌ನ ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ 2021ರಲ್ಲಿ 20 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಬಲದ ಹೊಸ ಅತಿವಾಹಕ (ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ) ಆಯಸ್ಕಾಂತವನ್ನು ನಡೆಸಿ ತೋರಿಸಿತು. ಕಾಂತಕ್ಷೇತ್ರ ಎರಡು ಪಟ್ಟಾದರೆ ಅಷ್ಟೇ ಗಾತ್ರದಿಂದ ಹದಿನಾರು ಪಟ್ಟಿನವರೆಗೆ ಶಕ್ತಿ ಸಿಗಬಹುದು. ಐಟರ್‌ನಷ್ಟು ದೈತ್ಯ ಯಂತ್ರ ಬೇಡವಾಗಬಹುದು ಎಂಬ ಭರವಸೆ ಹುಟ್ಟಿದ್ದು ಇದರಿಂದ. ಹೀಲಿಯನ್ ಎಂಬ ಇನ್ನೊಂದು ಕಂಪನಿ 2028ಕ್ಕೆ ಮೈಕ್ರೋಸಾಫ್ಟ್‌ಗೆ ವಿದ್ಯುತ್ ಕೊಡುತ್ತೇನೆಂದು ಒಪ್ಪಂದ ಮಾಡಿಕೊಂಡಿದೆ. ಆ ದಿನಾಂಕವನ್ನು ನಾನು ನಂಬುವುದಿಲ್ಲ. ಬಳಸಿದ್ದಕ್ಕಿಂತ ಹೆಚ್ಚು ವಿದ್ಯುತ್ ತಯಾರಿಸಿ ತೋರಿಸಿದ ದಾಖಲೆ ಈವರೆಗೆ ಯಾವ ಕಂಪನಿಯದ್ದೂ ಇಲ್ಲ. ಗೋಡೆ ಮತ್ತು ಟ್ರಿಟಿಯಂನ ಸಮಸ್ಯೆ ಯಂತ್ರ ಚಿಕ್ಕದಾದರೆ ಕಡಿಮೆಯಾಗುವುದಿಲ್ಲ, ಗೋಡೆಯ ಪ್ರತಿ ಚದರ ಮೀಟರಿಗೆ ಬೀಳುವ ಹೊಡೆತ ಹೆಚ್ಚುತ್ತದೆ. ಅಮೆರಿಕ ಅಥವಾ ಚೀನಾದಲ್ಲಿ ಮೊದಲ ಪ್ರಾಯೋಗಿಕ ಸ್ಥಾವರ 2040ರ ಆಸುಪಾಸಿನಲ್ಲಿ ಗ್ರಿಡ್‌ಗೆ ಸೇರಿದರೆ ಅದನ್ನು ದೊಡ್ಡ ಗೆಲುವೆಂದೇ ಎಣಿಸುತ್ತೇನೆ. ಭಾರತದಲ್ಲಿ ಲೆಕ್ಕಕ್ಕೆ ಸಿಗುವಷ್ಟು ವಿದ್ಯುತ್ 2050ಕ್ಕೆ ಮೊದಲು ಬರುವುದನ್ನು ನಾನು ನಿರೀಕ್ಷಿಸುವುದಿಲ್ಲ.

ಈಗ ನಿಮ್ಮ ಮನೆಯ ತೀರ್ಮಾನಗಳಿಗೆ ಬರೋಣ. ಷೇರಿನ ವಿಷಯದಲ್ಲಿ ಎರಡು ಮಾತು ಸಾಕು: ದುಡ್ಡು ಕೊಡಬೇಡಿ. ಮೇಲೆ ಹೆಸರಿಸಿದ ಎರಡೂ ಕಂಪನಿಗಳು ಷೇರುಪೇಟೆಯಲ್ಲಿಲ್ಲ. ಊರಿನ ಪರಿಚಯಸ್ಥರ ಕೈಯಲ್ಲಿ ಅವುಗಳ ಷೇರು ಸಿಗುವ ಮಾತೇ ಇಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಸಂಖ್ಯೆ ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಈಗಾಗಲೇ ಮುಂಗಡವೇನಾದರೂ ಕೊಟ್ಟಿದ್ದರೆ ತಡಮಾಡದೆ ಪೊಲೀಸರಿಗೆ ದೂರು ಕೊಡಿ. ಆನ್‌ಲೈನ್‌ನಲ್ಲಿ ಕಳಿಸಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗುತ್ತಿಗೆಗೆ ಅಪಾಯವಿದ್ದರೆ ಅದು ಸಮ್ಮಿಲನದಿಂದಲ್ಲ. ನಾಳೆ ಇನ್ನೂ ಅಗ್ಗವಾಗುವ ಸೌರ ಫಲಕ ಮತ್ತು ಬ್ಯಾಟರಿಗಳಿಂದ, ಕಂಪನಿಯ ಸಾಲದಿಂದ, ವಿದ್ಯುತ್ ಕೊಳ್ಳುವವರೊಂದಿಗಿನ ಅದರ ಒಪ್ಪಂದ ಮುರಿಯುವುದರಿಂದ. ಪಾವಗಡದ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಇದೇ 28 ವರ್ಷದ ಲೆಕ್ಕದಲ್ಲಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ, ಕಾಲಕಾಲಕ್ಕೆ ಏರಿಕೆಯ ಷರತ್ತಿನೊಂದಿಗೆ ಪಡೆದರು. ಜಮೀನಿದ್ದವರಿಗೆ ಬರಗಾಲದಲ್ಲೂ ನಿಶ್ಚಿತ ಆದಾಯ ಬಂತು, ಕೂಲಿಯವರು ಕೆಲಸ ಕಳೆದುಕೊಂಡರು. ಅಲ್ಲಿ ಮಧ್ಯದಲ್ಲಿ ಸರ್ಕಾರಿ ಸಂಸ್ಥೆಯಿತ್ತು. ನಿಮ್ಮದು ಖಾಸಗಿ ಕಂಪನಿಯೊಂದಿಗಿನ ನೇರ ಒಪ್ಪಂದವಾದರೆ ಇನ್ನೂ ಎಚ್ಚರ ಬೇಕು. ಕಂಪನಿ ವಿದ್ಯುತ್ತನ್ನು ಯಾರಿಗೆ, ಎಷ್ಟು ವರ್ಷಕ್ಕೆ ಮಾರುವ ಒಪ್ಪಂದ ಮಾಡಿಕೊಂಡಿದೆ ಎಂದು ಕಾಗದದ ಮೇಲೆ ತೋರಿಸಲು ಹೇಳಿ. ಜಮೀನನ್ನು ಬ್ಯಾಂಕಿಗೆ ಅಡಮಾನ ಇಡುವ ಹಕ್ಕು ಅವರಿಗೆ ಇರಕೂಡದು. ಬಾಡಿಗೆ ತಪ್ಪಿದರೆ ಎಷ್ಟು ತಿಂಗಳಿಗೆ ಗುತ್ತಿಗೆ ರದ್ದಾಗುತ್ತದೆ ಎಂಬುದು ಬರಹದಲ್ಲಿರಲಿ. ಫಲಕ, ಕಂಬ, ಕಾಂಕ್ರೀಟನ್ನು ಕೊನೆಯಲ್ಲಿ ಅವರೇ ತೆಗೆಯಬೇಕು, ಅದಕ್ಕೆ ಈಗಲೇ ಠೇವಣಿ ಅಥವಾ ಬ್ಯಾಂಕ್ ಖಾತರಿ ಇಡಬೇಕು. ನಿಮ್ಮ ತಮ್ಮನ ಭಯಕ್ಕೆ ನಿಜವಾದ ಪರಿಹಾರ ಈ ಕೊನೆಯ ಷರತ್ತೇ. ಒಂದೆರಡು ಎಕರೆಯನ್ನು ಗುತ್ತಿಗೆಯ ಹೊರಗೆ ಉಳಿಸಿಕೊಳ್ಳುವುದೂ ಒಳ್ಳೆಯದು. ನೋಂದಣಿಗೆ ಮುನ್ನ ನಿಮ್ಮದೇ ವಕೀಲರಿಗೆ ಕರಡು ತೋರಿಸಿ.

ಮಗಳು ಹೋಗಲಿ ಎಂದೇ ನನ್ನ ಸಲಹೆ, ಕಣ್ತೆರೆದು ಹೋಗಲಿ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದ ಆದಿತ್ಯ ಎಂಬ ಟೋಕಾಮಾಕ್ ಇದೆ, ಅದನ್ನು ನವೀಕರಿಸಿದ್ದಾರೆ. ಅತಿವಾಹಕ ಆಯಸ್ಕಾಂತಗಳ ಎಸ್‌ಎಸ್‌ಟಿ-1 ಕೂಡ ಅಲ್ಲೇ ಇದೆ. ನ್ಯೂಟ್ರಾನ್ ತಾಳಿಕೊಳ್ಳುವ ಉಕ್ಕಿನ ಕೆಲಸ ತಮಿಳುನಾಡಿನ ಕಲ್ಪಾಕ್ಕಂ ಅಣು ಸಂಶೋಧನಾ ಕೇಂದ್ರದಲ್ಲಿ ನಡೆದಿದೆ. ಅಪಾಯವೆಂದರೆ ನಮ್ಮ ದೇಶದಲ್ಲಿ ಶುದ್ಧ ಸಮ್ಮಿಲನದ ಕಾಯಂ ಹುದ್ದೆಗಳು ಕಡಿಮೆ, ಪಿಎಚ್‌.ಡಿ. ನಂತರ ಹೊರದೇಶದಲ್ಲಿ ಕೆಲವು ವರ್ಷ ಕಳೆಯಬೇಕಾಗಬಹುದು. ಬರೀ ಪ್ಲಾಸ್ಮಾ ಸಿದ್ಧಾಂತಕ್ಕೆ ಕಟ್ಟುಬೀಳದೆ ನಿರ್ವಾತ, ಅತಿಶೀತ ತಂತ್ರಜ್ಞಾನ, ಅತಿವಾಹಕ, ನ್ಯೂಟ್ರಾನ್ ಮಾಪನ, ಟ್ರಿಟಿಯಂ ನಿರ್ವಹಣೆ ಇವುಗಳಲ್ಲಿ ಒಂದನ್ನು ಕೈಯಾರೆ ಕಲಿತರೆ ಬಾಹ್ಯಾಕಾಶ, ಸೆಮಿಕಂಡಕ್ಟರ್, ವೈದ್ಯಕೀಯ ಉಪಕರಣಗಳ ಕ್ಷೇತ್ರದಲ್ಲೂ ಕೆಲಸ ಸಿಗುತ್ತದೆ. ಈ ಕ್ಷೇತ್ರಕ್ಕೆ ಈಗ ಬೇಕಾಗಿರುವವರೂ ಅಂಥವರೇ. ಅರ್ಜಿ ಹಾಕುವ ಮುನ್ನ ಮಾರ್ಗದರ್ಶಕರಿಗೆ ಪತ್ರ ಬರೆದು, ಅವರ ಪ್ರಯೋಗ ಸದ್ಯ ನಡೆಯುತ್ತಿದೆಯೇ, ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಲಿ. ಕೇಳಲು ಸಂಕೋಚ ಬೇಡ. ಇದೇ ಪ್ರಶ್ನೆ ಹಾಕಿಕೊಂಡು ಬರುವ ವಿದ್ಯಾರ್ಥಿಗಳನ್ನು ಕಂಡರೆ ನಮಗೆ ಸಂತೋಷವೇ.